ಸೈಕಲ್ಲಿನ ಸರಪಳಿಗೆ ಎಣ್ಣೆ: ಯಾವುದು, ಎಷ್ಟು, ಏಕೆ?

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಮಧುಮೇಹ, ಆಹಾರ ನಿಯಮ ಮೊದಲಾದ ವಿಷಯಗಳ ನಡುವೆ ಸೈಕಲ್ಲಿನ ಸರಪಳಿಗೆ ಹಾಕುವ ಎಣ್ಣೆಯ ಮೇಲೊಂದು ಲೇಖನವನ್ನು ಕಂಡು ವಾಚಕ ಮಹಾಶಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ವೈದ್ಯನೂ ಅಲ್ಲದ, ಯಂತ್ರಶಾಸ್ತ್ರವನ್ನೂ ಓದದ, ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವ ನನ್ನಂಥವನು ಇದನ್ನು ಬರೆಯಹೊರಟಿರುವುದು ಇನ್ನೂ ವಿಚಿತ್ರವೆನಿಸಬಹುದು. ಆದರೆ ಈ ವಿಷಯ ಆರೋಗ್ಯಕ್ಕೂ ಸಂಬಂಧಿಸಿದೆ, ಲೆಕ್ಕಕ್ಕೂ ಸಂಬಂಧಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ನಿವೇದಿಸಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ನಮ್ಮ ಪುಣೆ ಒಂದು ಕಾಲದಲ್ಲಿ ಸೈಕಲ್ಲುಗಳ ನಗರವೆಂದೇ ದೇಶದಲ್ಲೆಲ್ಲ ಹೆಸರಾಗಿತ್ತು. ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ಬೆಳಗಾವಿಗಳಿಂದ ಉದ್ಯೋಗವನ್ನರಸಿ ಇಲ್ಲಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಸೈಕಲ್ ತುಳಿದೇ ಕಾರ್ಖಾನೆಗೂ ಕಚೇರಿಗೂ ಹೋದವರು. ಮುಂದೆ ಸ್ಕೂಟರು ಬಂದಿತು, ಮೋಟಾರ್ ಸೈಕಲ್ಲು ಬಂದಿತು, ಕಾರೂ ಬಂದಿತು. ಸೈಕಲ್ಲು ಮೂಲೆ ಸೇರಿತು. ಈಗ ಅದು ಮತ್ತೆ ನಮ್ಮ ಮನೆಗಳಿಗೆ ಬಂದಿದೆ, ಆದರೆ ಬೇರೆ ವೇಷದಲ್ಲಿ. ವೈದ್ಯರು ವ್ಯಾಯಾಮ ಮಾಡಿರೆಂದು ಹೇಳಿದ ಮೇಲೆ ಕೊಂಡ ಸೈಕಲ್ಲು, 2020ರಲ್ಲಿ ಕೋವಿಡ್ ವ್ಯಾಧಿಯ ಭೀತಿಯಲ್ಲಿ ವ್ಯಾಯಾಮಶಾಲೆಗಳು ಮುಚ್ಚಿದಾಗ ಕೊಂಡ ಸೈಕಲ್ಲು, ಮಗನ ಹಟಕ್ಕೆ ಕೊಂಡ ಗೇರಿನ ಸೈಕಲ್ಲು. ಯಾವುದೇ ಹೌಸಿಂಗ್ ಸೊಸೈಟಿಯ ನೆಲಮಾಳಿಗೆಗೆ ಹೋಗಿ ನೋಡಿದರೆ ಇವು ಸಾಲಾಗಿ ನಿಂತಿರುವುದು ಕಾಣುತ್ತದೆ. ಅವುಗಳಲ್ಲಿ ಎಷ್ಟರ ಸರಪಳಿ ಕೆಂಪಗೆ ತುಕ್ಕು ಹಿಡಿದಿದೆ ಎಂಬುದನ್ನು ಎಣಿಸಿ ನೋಡುವಂತೆ ವಾಚಕರನ್ನು ಪ್ರಾರ್ಥಿಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕನೊಬ್ಬನು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಸೈಕಲ್ ತುಳಿದರೆ ಈ ಲೆಕ್ಕ ಸರಿಹೋಗುತ್ತದೆ. ದೇಹದ ಭಾರವನ್ನು ಆಸನವೇ ಹೊರುವುದರಿಂದ ಮಂಡಿಗಳಿಗೆ ಓಟದಷ್ಟು ಪೆಟ್ಟಿಲ್ಲ. ಇಷ್ಟೆಲ್ಲ ಉಪಯೋಗವಿರುವ ವಾಹನವನ್ನು ನಾವು ಕೈಬಿಡುವುದೇಕೆ? ಸಮಯವಿಲ್ಲ, ರಸ್ತೆ ಸರಿಯಿಲ್ಲ ಎಂಬ ಕಾರಣಗಳು ನಿಜವೇ. ಆದರೆ ನಾನು ವಿಚಾರಿಸಿದವರಲ್ಲಿ ಹಲವರು ಹೇಳಿದ ಕಾರಣ ಇನ್ನೊಂದು: "ತುಳಿಯಲು ಬಹಳ ಭಾರವಾಗುತ್ತದೆ, ಕಿರಕಿರ ಸದ್ದು ಮಾಡುತ್ತದೆ, ಬೇಸರ ಬರುತ್ತದೆ." ನಮ್ಮ ಪರಿಚಯದ ಹಿರಿಯರೊಬ್ಬರು ತಮ್ಮ ಮಂಡಿಗಳೇ ಸೋತವೆಂದು ತಿಳಿದು ಸೈಕಲ್ಲನ್ನು ಮಾರುವವರೆಗೂ ಬಂದಿದ್ದರು. ಸೋತಿದ್ದುದು ಮಂಡಿಗಳಲ್ಲ, ಒಂದು ಮಳೆಗಾಲವಿಡೀ ಎಣ್ಣೆ ಕಾಣದ ಸರಪಳಿಯ ಕೊಂಡಿಗಳು ತುಕ್ಕಿನಿಂದ ಬಿಗಿದುಕೊಂಡಿದ್ದವು. ಇಲ್ಲಿಯೇ ಒಂದು ಎಚ್ಚರಿಕೆಯ ಮಾತು: ತುಳಿಯುವಾಗ ಎದೆ ಬಿಗಿದರೆ, ಎಂದೂ ಇಲ್ಲದ ಉಬ್ಬಸ ಬಂದರೆ, ಸರಪಳಿಯನ್ನು ಪರೀಕ್ಷಿಸುತ್ತ ಕೂರಬಾರದು, ವೈದ್ಯರ ಬಳಿಗೆ ಹೋಗಬೇಕು.

ಸರಪಳಿಯ ಒಳಗುಟ್ಟು

ಯಾವ ಎಣ್ಣೆ ಎಂದು ತೀರ್ಮಾನಿಸುವ ಮೊದಲು ಎಣ್ಣೆಗೆ ಅಲ್ಲಿ ಏನು ಕೆಲಸ ಎಂಬುದನ್ನು ತಿಳಿಯಬೇಕು. ನಾವು ಮಾತಿನಲ್ಲಿ ಚೈನು ಎನ್ನುವ ಈ ಸರಪಳಿಯ ಇಂದಿನ ರೂಪಕ್ಕೆ ಕಾರಣನಾದವನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್. ಅವನು ರೋಲರ್ ಸರಪಳಿಗೆ ಹಕ್ಕುಪತ್ರ ಪಡೆದುದು 1880ರಲ್ಲಿ. ಐದು ವರ್ಷಗಳ ಅನಂತರ, 1885ರಲ್ಲಿ, ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಹಿಂದಿನ ಚಕ್ರವನ್ನು ಸರಪಳಿಯಿಂದ ಓಡಿಸುವ ರೋವರ್ ಸೈಕಲ್ಲನ್ನು ತಂದನು. ಇಂದಿನ ಸೈಕಲ್ಲುಗಳೆಲ್ಲ ಅದರ ಸಂತತಿಯೇ.

ಈ ಸರಪಳಿಯಲ್ಲಿ ಅರ್ಧ ಅಂಗುಲಕ್ಕೊಂದರಂತೆ ಪಿನ್ನುಗಳಿವೆ. ಪ್ರತಿ ಪಿನ್ನಿನ ಸುತ್ತ ಒಂದು ಬುಷ್, ಅದರ ಹೊರಗೆ ತಿರುಗುವ ಪುಟ್ಟ ರೋಲರು. ಒಂದು ಸಾಧಾರಣ ಸೈಕಲ್ಲಿನಲ್ಲಿ ಸುಮಾರು 114 ಕೊಂಡಿಗಳೆಂದರೆ ಅಷ್ಟೇ ಸಂಖ್ಯೆಯ ಕೀಲುಗಳು. ಪೆಡಲಿನ ಹಲ್ಲುಚಕ್ರವನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಹಿಂದಿನ ಚಕ್ರದಲ್ಲಿ ಮತ್ತೆರಡು ಸಲ ಪ್ರತಿಯೊಂದು ಕೀಲೂ ಬಾಗಬೇಕು, ನೆಟ್ಟಗಾಗಬೇಕು. ಉಕ್ಕಿಗೆ ಉಕ್ಕು ಉಜ್ಜುವುದು ಈ ಕೀಲಿನೊಳಗೆ. ಹೊರಗಿನ ತಗಡುಗಳ ಮೇಲೆ ಎಷ್ಟು ಎಣ್ಣೆ ಸುರಿದರೂ ಅದು ತುಕ್ಕನ್ನು ಸ್ವಲ್ಪ ತಡೆದೀತೇ ಹೊರತು ಕೀಲಿಗೆ ಪ್ರಯೋಜನವಿಲ್ಲ. ಪ್ರಯೋಜನವಿಲ್ಲದಿರುವುದಷ್ಟೇ ಅಲ್ಲ, ಕೇಡೂ ಉಂಟು. ಹೊರಗಿನ ಎಣ್ಣೆಗೆ ರಸ್ತೆಯ ಧೂಳು ಅಂಟುತ್ತದೆ. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಎಣ್ಣೆಯೂ ಮರಳೂ ಕೂಡಿ ಕಪ್ಪು ಕೆಸರಾಗಿ, ಕತ್ತಿ ಮಸೆಯುವ ಸಾಣೆಯಂತೆ ಪಿನ್ನನ್ನು ಸವೆಸುತ್ತದೆ.

ಆದುದರಿಂದ ಒಳ್ಳೆಯ ಎಣ್ಣೆಯಲ್ಲಿ ಎರಡು ಗುಣಗಳನ್ನು ಅಪೇಕ್ಷಿಸಬೇಕು. ಕೀಲಿನೊಳಗೆ ಇಳಿಯುವಷ್ಟು ತೆಳುವಾಗಿರಬೇಕು. ಇಳಿದ ಮೇಲೆ ಅಲ್ಲಿ ನಿಲ್ಲುವಷ್ಟು ಗಟ್ಟಿಯಾಗಿಯೂ ಇರಬೇಕು. ಇವೆರಡೂ ಪರಸ್ಪರ ವಿರುದ್ಧ ಗುಣಗಳು. ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಸಲ್ಲುವ ಒಂದೇ ಎಣ್ಣೆ ಇಲ್ಲದಿರುವುದಕ್ಕೆ ಇದೇ ಕಾರಣ.

ಮನೆಯಲ್ಲಿರುವ ಎಣ್ಣೆಗಳು

ನಮ್ಮ ಜನ ಮೊದಲು ಕೈಹಾಕುವುದು ಅಡಿಗೆಮನೆಯ ಡಬ್ಬಿಗೆ. ಇದು ಸಲ್ಲದು. ಉತ್ತರ ಕರ್ನಾಟಕದ ಮನೆಗಳಲ್ಲಿ ಪ್ರೀತಿಯಿಂದ ಬಳಸುವ ಕುಸುಬೆ ಎಣ್ಣೆಯನ್ನೇ ತೆಗೆದುಕೊಳ್ಳಿ. ಗಾಳಿಗೆ ತೆರೆದಿಟ್ಟರೆ ಅದು ನಿಧಾನವಾಗಿ ಒಣಗಿ ಅಂಟಾಗುತ್ತದೆ. ಆ ಗುಣದಿಂದಲೇ ಅದು ಬಣ್ಣ, ವಾರ್ನಿಷ್‌ಗಳ ತಯಾರಿಕೆಗೆ ಒದಗುತ್ತದೆ. ಸೂರ್ಯಕಾಂತಿ ಎಣ್ಣೆಗೂ ಈ ಸ್ವಭಾವವಿದೆ. ಬಾಗಿಲ ಕದಕ್ಕೆ ಬಳಿಯುವ ವಾರ್ನಿಷ್ ಸರಪಳಿಯ ಕೀಲಿಗೆ ಬೇಡ. ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲವಾದರೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಣೆಯ ಮಾರ್ಗಶಿರ, ಪುಷ್ಯ ಮಾಸದ ಬೆಳಗಿನಲ್ಲಿ ಅದು ಶೀಶೆಯಲ್ಲಿಯೇ ಕಲ್ಲಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಕೀಲಿನೊಳಗೂ ಅದರ ಗತಿ ಅದೇ.

ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ವಿಷಯ ಬೇರೆ. ನಮ್ಮ ಹಳ್ಳಿಗಳಲ್ಲಿ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯ ಮೂಲದ್ರವ್ಯ ಅದೇ ಆಗಿತ್ತು. ಮೊದಲನೆಯ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳಿಗೂ ಅದನ್ನು ಬಳಸಿದ್ದುಂಟು. ಉಕ್ಕಿಗೆ ಅಂಟಿ ನಿಲ್ಲುವ ಶಕ್ತಿ ಅದಕ್ಕಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬಂಡಿಯ ಅಚ್ಚು ಹೆಬ್ಬೆರಳಿಗಿಂತ ದಪ್ಪ, ಅದರ ಸಂದು ದೊಡ್ಡದು, ಓಟ ಮಂದ. ಸೈಕಲ್ ಸರಪಳಿಯ ಸಂದು ಕೂದಲೆಳೆಯಂಥದು. ಅಷ್ಟು ಮಂದವಾದ ಎಣ್ಣೆ ಅಲ್ಲಿಗೆ ಇಳಿಯಲಾರದೆ ಹೊರಗೇ ನಿಂತು ಧೂಳನ್ನು ಕರೆಯುತ್ತದೆ. ಹಿರಿಯರ ಜ್ಞಾನವನ್ನು ಗೌರವಿಸುವುದೆಂದರೆ ಅದು ಯಾವ ಕೀಲಿಗೆ ಹುಟ್ಟಿದ ಜ್ಞಾನ ಎಂಬುದನ್ನೂ ಅರಿಯುವುದೆಂದು ನಾನು ತಿಳಿದಿದ್ದೇನೆ.

ಮನೆಯಲ್ಲಿರುವವುಗಳಲ್ಲಿ ಒಪ್ಪಬಹುದಾದುದು ಒಂದೇ: ಹೊಲಿಗೆಯಂತ್ರದ ಎಣ್ಣೆ. ಅದು ತೆಳುವಾದ, ಶುದ್ಧವಾದ ಖನಿಜ ತೈಲ, ಕೀಲಿನೊಳಗೆ ಚೆನ್ನಾಗಿ ಇಳಿಯುತ್ತದೆ, ಬೆಲೆಯೂ ಕಡಿಮೆ. ಅದರ ದೋಷವೆಂದರೆ ಬೇಗ ತೀರಿಹೋಗುತ್ತದೆ, ಒಂದು ಜೋರು ಮಳೆಗೆ ತೊಳೆದುಹೋಗುತ್ತದೆ. ಒಣ ಹವೆಯಲ್ಲಿ ವಾರಕ್ಕೊಮ್ಮೆ ಹಾಕಲು ಸಿದ್ಧರಿರುವವರಿಗೆ ಅದು ಸಾಕು.

ಗ್ಯಾರೇಜಿನಿಂದ ಬರುವ ಎಣ್ಣೆಗಳು

ಸ್ಕೂಟರಿನಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯನ್ನು ಸರಪಳಿಗೆ ಸುರಿಯುವ ಪದ್ಧತಿ ನಮ್ಮಲ್ಲಿ ಬಹಳ. ಪುಕ್ಕಟೆ ಸಿಗುತ್ತದೆಂಬುದೇ ಅದರ ಆಕರ್ಷಣೆ. ಇದನ್ನು ಬಲವಾಗಿ ವಿರೋಧಿಸುತ್ತೇನೆ. ಆ ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ, ಮಸಿ, ಆಮ್ಲಗಳು ಸೇರಿರುತ್ತವೆ. ಸರಪಳಿಗೆ ಆಗುವ ಹಾನಿ ಒಂದು ಕಡೆಗಿರಲಿ. ಎಂಜಿನ್ನಿನ ಉಷ್ಣದಲ್ಲಿ ಹುಟ್ಟುವ ಹಲವು ಹಾನಿಕರ ಸಂಯುಕ್ತಗಳು ಅದರಲ್ಲಿ ಶೇಖರವಾಗಿರುವುದರಿಂದ ಪದೇ ಪದೇ ಚರ್ಮಕ್ಕೆ ತಗುಲುವುದು ಅಪಾಯಕರ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಂಸ್ಕರಿಸದ ಮತ್ತು ಅಲ್ಪವಾಗಿ ಸಂಸ್ಕರಿಸಿದ ಖನಿಜ ತೈಲಗಳನ್ನೇ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆರೋಗ್ಯಕ್ಕೆಂದು ಕೊಂಡ ಸೈಕಲ್ಲಿಗೆ ಇಂಥದನ್ನು ಬಳಿದು, ಮಕ್ಕಳ ಕಾಲಿಗೂ ಬಟ್ಟೆಗೂ ಅಂಟಿಸುವುದು ಯಾವ ಮಿತವ್ಯಯ?

ಹೊಸ ಎಂಜಿನ್ ಎಣ್ಣೆಯ ಮೇಲೆ ನನ್ನ ತಕರಾರು ಅಷ್ಟಿಲ್ಲ. ಹಳೆಯ ಮಾದರಿಯ, ಸರಪಳಿಯ ಮೇಲೆ ಪೂರ್ತಿ ಕವಚವಿರುವ ಕರಿಯ ಸೈಕಲ್ಲಿಗೆ ಅದರ ಕೆಲವು ಹನಿಗಳು ಮಳೆಗಾಲದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಧೂಳು ಒಳಗೆ ಬಾರದಂತೆ ಕವಚವಿದೆಯಲ್ಲ! ಕವಚವಿಲ್ಲದ ಗೇರಿನ ಸೈಕಲ್ಲಿಗೆ ಅದು ಹೆಚ್ಚು ಮಂದವೆನಿಸುತ್ತದೆ. ಗ್ರೀಸಂತೂ ಬೇಡವೇ ಬೇಡ; ಅದು ಚಕ್ರದ ಗುಂಡುಗಳಿಗೆ ತಕ್ಕುದು, ಹೊರಗಿನಿಂದ ಬಳಿದರೆ ಸರಪಳಿಯ ಕೀಲಿನೊಳಗೆ ಹೋಗುವುದಿಲ್ಲ. ಮೋಟಾರ್ ಸೈಕಲ್ ಸರಪಳಿಗೆಂದು ಮಾರುವ ಅಂಟಂಟಾದ ಸ್ಪ್ರೇಗೂ ಇದೇ ಮಾತು.

ಡಬ್ಲ್ಯುಡಿ-40 ಎಂಬ ನೀಲಿ ಹಳದಿ ಡಬ್ಬಿಯನ್ನು ಅನೇಕರು ಸರ್ವರೋಗನಿವಾರಿಣಿಯಂತೆ ಬಳಸುತ್ತಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸಿದ್ಧವಾದ ಆ ದ್ರವದ ಹೆಸರಿನ ಅರ್ಥವೇ ನೀರನ್ನು ದೂಡುವ ನಲವತ್ತನೆಯ ಪ್ರಯತ್ನ ಎಂದು. ಒದ್ದೆಯಾದ ಸರಪಳಿಯಿಂದ ನೀರನ್ನು ಓಡಿಸಲು, ಬಿಗಿದ ತುಕ್ಕನ್ನು ಸಡಿಲಿಸಲು ಅದು ಒಳ್ಳೆಯದು. ಆದರೆ ಅದರಲ್ಲಿ ಆವಿಯಾಗುವ ದ್ರಾವಕವೇ ಹೆಚ್ಚು. ಉಳಿಯುವ ಎಣ್ಣೆಯ ಪೊರೆ ತೀರ ತೆಳು. ಅದನ್ನು ಹಾಕಿದ ಮೇಲೆ ಒರೆಸಿ, ಬೇರೆ ಎಣ್ಣೆ ಹಾಕಲೇಬೇಕು. ಅದೊಂದನ್ನೇ ನಂಬಿದರೆ ಒಳಗೆ ಇದ್ದಬದ್ದ ಎಣ್ಣೆಯೂ ಕರಗಿ ಹೊರಬೀಳುತ್ತದೆ.

ಅಂಗಡಿಯ ಶೀಶೆಗಳು

ಸೈಕಲ್ಲಿನ ಅಂಗಡಿಯಲ್ಲಿ ಇಂದು ಸರಪಳಿಗೆಂದೇ ತಯಾರಾದ ಎಣ್ಣೆಗಳು ಮುಖ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತವೆ. ಮಳೆಗೆಂದು ಮಾಡಿದ, ಸ್ವಲ್ಪ ಮಂದವಾದ 'ವೆಟ್' ಎಣ್ಣೆ, ಧೂಳಿನ ಹವೆಗೆಂದು ಮಾಡಿದ, ಹಾಕಿದ ಮೇಲೆ ದ್ರಾವಕ ಆರಿಹೋಗಿ ತೆಳುವಾದ ಪೊರೆ ಉಳಿಯುವ 'ಡ್ರೈ' ಎಣ್ಣೆ, ಮತ್ತು ಮೇಣ. ಮೇಣವನ್ನು ದ್ರವರೂಪದಲ್ಲಿ ಹನಿಸುವುದೂ ಉಂಟು. ಸರಪಳಿಯನ್ನು ಕಳಚಿ, ತೊಳೆದು, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದುವುದೂ ಉಂಟು. ಮೇಣ ಹಾಕಿದ ಸರಪಳಿ ಬಹಳ ಶುಭ್ರವಾಗಿರುತ್ತದೆ, ಧೂಳು ಹಿಡಿಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ದೂರದ ಸವಾರಿಯ ಹವ್ಯಾಸಿಗಳು ಅದನ್ನು ಹೊಗಳುವುದು ನ್ಯಾಯವೇ. ಆದರೆ ಎರಡು ಕೋಣೆಯ ಮನೆಯಲ್ಲಿ, ಅಡಿಗೆಯ ಒಲೆಯ ಮೇಲೆ, ಬೆಂಕಿ ಹತ್ತಬಲ್ಲ ಮೇಣವನ್ನು ಕರಗಿಸುವ ಸಾಹಸ ಸಂಸಾರಸ್ಥರಿಗೆ ಬೇಕಿಲ್ಲ.

ಈ ಶೀಶೆಗಳ ಮೇಲೆ ವೇಗ ಹೆಚ್ಚುತ್ತದೆ, ಶ್ರಮ ತಗ್ಗುತ್ತದೆ ಎಂದೆಲ್ಲ ಬರೆದಿರುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಸರಪಳಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 1999ರಲ್ಲಿ ಫಲಿತಾಂಶ ತಿಳಿಸಿದರು. ಅತ್ಯುತ್ತಮ ಸ್ಥಿತಿಯಲ್ಲಿ ಸವಾರನ ಶಕ್ತಿಯಲ್ಲಿ ಶೇಕಡಾ 98.6ರಷ್ಟನ್ನು ಸರಪಳಿ ಚಕ್ರಕ್ಕೆ ಮುಟ್ಟಿಸುತ್ತದೆಂದೂ, ಶುಚಿಯಾದ ಆ ವಾತಾವರಣದಲ್ಲಿ ಒಂದು ಎಣ್ಣೆಗೂ ಮತ್ತೊಂದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದೂ ಅವರು ಕಂಡರು. ಎಣ್ಣೆಯೇ ಬೇಡವೆಂದು ಇದರ ಅರ್ಥವಲ್ಲ. ಎಣ್ಣೆಯ ನಿಜವಾದ ಉಪಕಾರ ಕೀಲಿನ ಜಾಗವನ್ನು ತಾನು ತುಂಬಿಕೊಂಡು ಧೂಳಿಗೂ ನೀರಿಗೂ ಎಡೆಗೊಡದಿರುವುದು ಎಂದು ಅರ್ಥ. ಆದುದರಿಂದ ದುಬಾರಿ ಶೀಶೆಯಲ್ಲಿ ವೇಗವನ್ನು ಹುಡುಕಬಾರದು. ಸಾಧಾರಣ ಶೀಶೆಯಿಂದ ಬಾಳಿಕೆಯನ್ನು ಪಡೆಯಬೇಕು.

ಊರಿಗೆ ತಕ್ಕಂತೆ, ಋತುವಿಗೆ ತಕ್ಕಂತೆ

ನಮ್ಮ ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ಉಳಿದ ತಿಂಗಳುಗಳಲ್ಲಿ, ವಿಶೇಷವಾಗಿ ಬೇಸಗೆಯಲ್ಲಿ, ಒಣ ಧೂಳು. ಆದುದರಿಂದ ಮಳೆಗಾಲಕ್ಕೆ ಮಂದವಾದ ಎಣ್ಣೆ, ಉಳಿದ ಕಾಲಕ್ಕೆ ತೆಳುವಾದ ಎಣ್ಣೆ ಎಂಬುದು ನನ್ನ ಸಲಹೆ. ಎರಡು ಶೀಶೆ ಇಡುವುದು ತೊಡಕೆನಿಸಿದರೆ ಮಧ್ಯಮ ತರದ ಒಂದೇ ಎಣ್ಣೆಯನ್ನು ಕೊಂಡು, ಬೇಸಗೆಯಲ್ಲಿ ಹೆಚ್ಚು ಶ್ರದ್ಧೆಯಿಂದ ಒರೆಸಬೇಕು, ಮಳೆಗಾಲದಲ್ಲಿ ಹೆಚ್ಚು ಸಲ ಹಾಕಬೇಕು.

ನಮ್ಮ ಸದಸ್ಯರ ಮಕ್ಕಳು, ನೆಂಟರು ಬೇರೆ ಮಹಾನಗರಗಳಲ್ಲಿಯೂ ಇರುವುದರಿಂದ ಆ ಊರುಗಳ ಮಾತನ್ನೂ ಹೇಳುತ್ತೇನೆ. ಮುಂಬಯಿಯಲ್ಲಿ ಮಳೆಯೂ ಹೆಚ್ಚು, ಸಮುದ್ರದ ಉಪ್ಪುಗಾಳಿಯೂ ಉಂಟು. ಅಲ್ಲಿ ತುಕ್ಕೇ ಮೊದಲನೆಯ ಶತ್ರು. ಚೆನ್ನೈಯಲ್ಲಿ ಉಪ್ಪುಗಾಳಿ ಹಾಗೆಯೇ, ಆದರೆ ಮಳೆಯ ಭರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಪುಣೆಯಲ್ಲಿ ತೆಳುವಾದ ಎಣ್ಣೆಗೆ ತಿರುಗುವ ಹೊತ್ತಿಗೆ ಅವರು ಮಂದವಾದ ಎಣ್ಣೆಗೆ ತಿರುಗಬೇಕು. ದೆಹಲಿಯಲ್ಲಿ ಮೇ, ಜೂನ್ ತಿಂಗಳ ಧೂಳಿನ ಬಿರುಗಾಳಿಗೆ ತೆಳುವಾದ ಎಣ್ಣೆ ಸರಿ. ಹೈದರಾಬಾದಿನವರು ಹೆಚ್ಚುಕಡಿಮೆ ನಮ್ಮಂತೆಯೇ ನಡೆಯಬಹುದು.

ಹಾಕುವ ವಿಧಾನ

ಮೊದಲು ಹಳೆಯ ಬಟ್ಟೆಯೊಂದರಿಂದ ಸರಪಳಿಯನ್ನು ಒರೆಸಬೇಕು. ಕೆಳಗಿನ ಸಾಲನ್ನು ಬಟ್ಟೆಯಿಂದ ಸಡಿಲವಾಗಿ ಹಿಡಿದು, ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಸರಪಳಿ ತಾನೇ ಬಟ್ಟೆಯೊಳಗೆ ಹಾದುಹೋಗುತ್ತದೆ. ಅನಂತರ ಅದರ ಒಳಮಗ್ಗುಲಲ್ಲಿ, ಹಲ್ಲುಗಳಿಗೆ ತಾಗುವ ಕಡೆ, ಒಂದೊಂದು ರೋಲರಿನ ಮೇಲೆ ಒಂದೊಂದು ಹನಿ ಬಿಡಬೇಕು. ಎಲ್ಲಿಂದ ಆರಂಭಿಸಿದೆವೆಂಬುದಕ್ಕೆ ಒಂದು ಗುರುತಿಟ್ಟುಕೊಂಡರೆ ಎರಡನೆಯ ಸುತ್ತು ಹಾಕುವ ದಂಡ ತಪ್ಪುತ್ತದೆ. ಹತ್ತಿಪ್ಪತ್ತು ಸಲ ಪೆಡಲನ್ನು ತಿರುಗಿಸಿ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಗ್ಗೆ ಹೊರಗಿನ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಈ ಕೊನೆಯ ಒರೆಸುವಿಕೆಯೇ ಮುಖ್ಯ. ಬೆರಳಿನಿಂದ ಮುಟ್ಟಿದರೆ ಸ್ವಲ್ಪವೇ ಜಿಡ್ಡು ಹತ್ತಬೇಕು. ಎಣ್ಣೆಯ ಹೆಸರಿಗಿಂತ ಹೆಚ್ಚಿನದನ್ನು ಬಟ್ಟೆಯ ತುಂಡು ಸಾಧಿಸುತ್ತದೆ ಎಂಬುದೇ ಈ ಲೇಖನದ ಸಾರಾಂಶ. ಒರೆಸುವ ಅಭ್ಯಾಸವುಳ್ಳವನಿಗೆ ಅಗ್ಗದ ಎಣ್ಣೆಯೂ ಸಾಕು. ಒರೆಸದವನಿಗೆ ಯಾವ ಎಣ್ಣೆಯೂ ಸಾಲದು.

ಒಣ ಕಾಲದಲ್ಲಿ ಹದಿನೈದು ದಿನಗಳಿಗೊಮ್ಮೆ, ಮಳೆಯಲ್ಲಿ ನೆನೆದಾಗಲೆಲ್ಲ ಒರೆಸಿ ಒಣಗಿಸಿ, ಹಾಕುವುದು ಸಾಧಾರಣ ನಿಯಮ. ಹೊಲಿಗೆಯಂತ್ರದ ಎಣ್ಣೆಯಾದರೆ, ಮೇಲೆ ಹೇಳಿದಂತೆ, ವಾರಕ್ಕೊಮ್ಮೆ. ಇದಕ್ಕೂ ಮೊದಲೇ ಸರಪಳಿ ಕಿರಗುಟ್ಟಿದರೆ ಕ್ಯಾಲೆಂಡರನ್ನು ನೋಡುತ್ತ ಕಾಯಬೇಕಿಲ್ಲ.

ಕೆಲವು ಜಾಗ್ರತೆಗಳನ್ನು ಇಲ್ಲಿಯೇ ಹೇಳಬೇಕು. ಚಕ್ರದ ಅಂಚಿಗೂ ಬ್ರೇಕಿನ ತಟ್ಟೆಗೂ ಎಣ್ಣೆ ಸಿಡಿದರೆ ಬ್ರೇಕು ಹಿಡಿಯುವುದಿಲ್ಲ. ಆದುದರಿಂದ ಸ್ಪ್ರೇಗಿಂತ ಹನಿಶೀಶೆಯೇ ಲೇಸು. ಚಕ್ರ ವೇಗವಾಗಿ ತಿರುಗುತ್ತಿರುವಾಗ ಸರಪಳಿಯ ಬಳಿಗೆ ಬೆರಳು ಒಯ್ಯಬಾರದು, ಮಕ್ಕಳನ್ನು ದೂರವಿಡಬೇಕು; ಹಲ್ಲುಚಕ್ರದಲ್ಲಿ ಸಿಕ್ಕ ಬೆರಳು ತುಂಡಾಗುವುದುಂಟು. ತೊಳೆಯಲು ಪೆಟ್ರೋಲನ್ನು ಬಳಸಲೇಬಾರದು. ಸೀಮೆಎಣ್ಣೆ ಈಗ ಮೊದಲಿನಂತೆ ಸಿಗುವುದಿಲ್ಲ. ಸಿಕ್ಕರೂ ಅದನ್ನು ತಂಪು ಪಾನೀಯದ ಶೀಶೆಯಲ್ಲಿ ತುಂಬಿಡಬೇಡಿ. ಪುಟ್ಟ ಮಕ್ಕಳು ಪಾನೀಯವೆಂದು ಕುಡಿದು ಶ್ವಾಸಕೋಶಕ್ಕೆ ಅಪಾಯ ತಂದುಕೊಳ್ಳುವುದು ನಮ್ಮ ದೇಶದ ಆಸ್ಪತ್ರೆಗಳಿಗೆ ಹೊಸ ಸಂಗತಿಯಲ್ಲ. ಹಾಗೇನಾದರೂ ಆದರೆ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸಾಧಾರಣ ಕೊಳೆಗೆ ಸೀಮೆಎಣ್ಣೆಯೂ ಬೇಕಿಲ್ಲ. ಹೊಸ ಎಣ್ಣೆಯನ್ನೇ ಹಾಕಿ, ತಿರುಗಿಸಿ, ಒರೆಸುವುದನ್ನು ಎರಡು ಸಲ ಮಾಡಿದರೆ ಹಳೆಯ ಕೊಳೆ ಅದರೊಡನೆ ಹೊರಬರುತ್ತದೆ. ಕಾರು ತೊಳೆಯುವ ರಭಸದ ನೀರಿನ ಧಾರೆಯನ್ನು ಸರಪಳಿಗೆ ಹಿಡಿಯುವುದು ಸಲ್ಲದು. ಅದು ಕೀಲಿನ ಎಣ್ಣೆಯನ್ನೇ ಹೊರದೂಡುತ್ತದೆ. ಕೆಲಸ ಮುಗಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ಲೆಕ್ಕದ ಮಾತು

ಬ್ಯಾಂಕಿನವನಾಗಿ ಸ್ವಲ್ಪ ಲೆಕ್ಕ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ. 114 ರೋಲರುಗಳಿಗೆ ಒಂದೊಂದು ಹನಿಯಂತೆ ಒಂದು ಸಲಕ್ಕೆ ಆರು ಮಿಲಿಲೀಟರಿಗಿಂತ ಕಡಿಮೆ ಎಣ್ಣೆ ಸಾಕು. ನೂರು ಮಿಲಿಲೀಟರಿನ ಶೀಶೆ ಹದಿನೇಳು ಸಲಕ್ಕೆ ಬರುತ್ತದೆ; ಹದಿನೈದು ದಿನಗಳಿಗೊಮ್ಮೆ ಹಾಕಿದರೆ ಸುಮಾರು ಎಂಟು ತಿಂಗಳು. ಶೀಶೆಯ ಬೆಲೆ ಕೆಲವು ನೂರು ರೂಪಾಯಿಗಳಾದರೂ ತಿಂಗಳಿಗೆ ಬೀಳುವ ಖರ್ಚು ಒಂದು ಹೊತ್ತಿನ ತಿಂಡಿಯಷ್ಟಾಗಲಾರದು.

ನಾವು ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಮಾತನ್ನು ಆಸ್ತಿಯ ಮೌಲ್ಯ ಇಳಿಯುವುದಕ್ಕೆ ಬಳಸುತ್ತೇವೆ. ಸರಪಳಿಯಲ್ಲಿ ಆ ಮಾತು ಅಕ್ಷರಶಃ ನಿಜ, ಅಳೆದೇ ನೋಡಬಹುದು. ಅಂಗುಲದ ಗುರುತುಳ್ಳ ಅಡಿಪಟ್ಟಿಯನ್ನು ಸರಪಳಿಗೆ ಹಿಡಿದು, ಒಂದು ಪಿನ್ನಿನ ಮಧ್ಯವನ್ನು ಸೊನ್ನೆಗೆ ಸರಿಹೊಂದಿಸಿದರೆ, ಅಲ್ಲಿಂದ ಮುಂದಿನ ಇಪ್ಪತ್ತನಾಲ್ಕನೆಯ ಪಿನ್ನಿನ ಮಧ್ಯ ಸರಿಯಾಗಿ 12 ಅಂಗುಲಕ್ಕೆ ಬರಬೇಕು. ಅದು 1/16 ಅಂಗುಲದಷ್ಟು ಮುಂದೆ ಸರಿದಿದ್ದರೆ ಗೇರಿನ ಸೈಕಲ್ಲಿನ ಸರಪಳಿಯನ್ನು ಬದಲಿಸುವ ಕಾಲ ಬಂದಿದೆ. 1/8 ಅಂಗುಲದಷ್ಟು ಸರಿದಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಖರ್ಚು ಹಲವು ಪಟ್ಟು ಏರುತ್ತದೆ. ಈ 1/8 ಅಂಗುಲವೆಂದರೆ ಒಂದೊಂದು ಕೀಲಿನ ಪಾಲಿಗೆ ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಮಾತ್ರ. ಸವೆದ ಹಲ್ಲಿನ ಮೇಲಿಂದ ಸರಪಳಿ ಜಾರಿದರೆ, ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತ ಸವಾರ ಮುಗ್ಗರಿಸಿ ಬೀಳುತ್ತಾನೆ. ಐವತ್ತು ದಾಟಿದವರಿಗೆ ಅಂಥ ಬೀಳುವಿಕೆಯ ವೆಚ್ಚವನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯೋಣ?

ನಮ್ಮ ಮಧ್ಯಮವರ್ಗದ ಒಂದು ದೌರ್ಬಲ್ಯವೆಂದರೆ ಬಂಡವಾಳ ವೆಚ್ಚಕ್ಕೆ ಇರುವ ಧಾರಾಳ ಪಾಲನೆಯ ವೆಚ್ಚಕ್ಕೆ ಇಲ್ಲ. ಇಪ್ಪತ್ತು ಸಾವಿರದ ಸೈಕಲ್ಲನ್ನು ಪೂಜೆ ಮಾಡಿ ತರುತ್ತೇವೆ. ಇನ್ನೂರು ರೂಪಾಯಿಯ ಎಣ್ಣೆಗೆ ಹಿಂದೆಮುಂದೆ ನೋಡುತ್ತೇವೆ. ದೇಹದ ವಿಷಯದಲ್ಲೂ ನಮ್ಮ ನಡೆ ಇದೇ. ಶಸ್ತ್ರಚಿಕಿತ್ಸೆಗೆ ಸಾಲ ಮಾಡಲು ಸಿದ್ಧ, ದಿನಕ್ಕೆ ಅರ್ಧ ಗಂಟೆಯ ವ್ಯಾಯಾಮಕ್ಕೆ ಸಿದ್ಧವಿಲ್ಲ. ಸಾಲಕ್ಕೆಂದು ನಮ್ಮ ಮೇಜಿನ ಮುಂದೆ ಕುಳಿತವರ ಆಸ್ಪತ್ರೆಯ ಅಂದಾಜು ಪಟ್ಟಿಗಳನ್ನು ವರ್ಷಗಟ್ಟಲೆ ನೋಡಿದವನಾಗಿ ಈ ಮಾತು ಹೇಳುತ್ತಿದ್ದೇನೆ, ವ್ಯಂಗ್ಯಕ್ಕಾಗಿ ಅಲ್ಲ.

ಸಂಘಕ್ಕೊಂದು ಸೂಚನೆ

ನಮ್ಮ ಸಂಘವು ಪ್ರತಿವರ್ಷ ರಕ್ತದಾನ ಶಿಬಿರ, ನೇತ್ರ ತಪಾಸಣೆಗಳನ್ನು ನಡೆಸುವುದು ಶ್ಲಾಘ್ಯ. ಇದರೊಡನೆ ಮಳೆಗಾಲ ಮುಗಿದ ಮೇಲೆ, ರಾಜ್ಯೋತ್ಸವಕ್ಕೆ ಮುಂಚಿನ ಒಂದು ಭಾನುವಾರ ಬೆಳಗ್ಗೆ, ಸದಸ್ಯರೆಲ್ಲರೂ ತಮ್ಮ ತಮ್ಮ ಸೈಕಲ್ಲುಗಳನ್ನು ಸಂಘದ ಅಂಗಳಕ್ಕೆ ತರುವ ಏರ್ಪಾಟು ಮಾಡಬಾರದೇಕೆ? ಬಡಾವಣೆಯ ಸೈಕಲ್ ಮೇಸ್ತ್ರಿಯೊಬ್ಬರನ್ನು ಯೋಗ್ಯ ಸಂಭಾವನೆ ಕೊಟ್ಟು ಕರೆಸೋಣ. ನಾಲ್ಕು ಶೀಶೆ ಎಣ್ಣೆ, ಒಂದು ಗಂಟು ಹಳೆಯ ಬಟ್ಟೆ, ಕೆಲವು ಅಡಿಪಟ್ಟಿಗಳು ಸಾಕು. ಮಕ್ಕಳು ತಮ್ಮ ಕೈಯಿಂದಲೇ ಒರೆಸಿ, ಹನಿಸಿ, ಅಳೆದು ಕಲಿಯಲಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಎಂಥ ಸೈಕಲ್ ಕ್ರೀಡಾಪಟುಗಳನ್ನು ಕೊಟ್ಟಿವೆ ಎಂಬುದನ್ನು ಅದೇ ಸಂದರ್ಭದಲ್ಲಿ ಅವರಿಗೆ ಹೇಳಬಹುದು. ನಮ್ಮಲ್ಲಿ ಎಷ್ಟೋ ಮನೆತನಗಳ ಮೂಲ ಆ ಮಣ್ಣೇ. ಕನ್ನಡವನ್ನೂ ಮಕ್ಕಳು ಅಷ್ಟು ಹೊತ್ತು ಕೆಲಸದ ಭಾಷೆಯಾಗಿ ಆಡುತ್ತಾರೆ. ಹಿಂದಿನ ಚಕ್ರ, ಹಲ್ಲು, ಕೀಲು, ಕೊಂಡಿ, ಸವಕಳಿ ಎಂಬ ಮಾತುಗಳು ಅವರ ನಾಲಗೆಗೆ ಬರುವುದು ಭಾಷಣದಿಂದಲ್ಲ, ಇಂಥ ಕೆಲಸದಿಂದ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಈ ಸಂಚಿಕೆ ಕೈಸೇರಿದ ವಾರದಲ್ಲಿ ವಾಚಕರು ತಮ್ಮ ಸೊಸೈಟಿಯ ನೆಲಮಾಳಿಗೆಗೆ ಇಳಿದು, ಸೈಕಲ್ಲಿನ ಪೆಡಲನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಕಿವಿಗೊಡಲಿ. ಸದ್ದಿಲ್ಲದೆ ತಿರುಗಿದರೆ ಸಂತೋಷ. ಕಿರಗುಟ್ಟಿದರೆ ಒಂದು ಹಳೆಯ ಬಟ್ಟೆಯನ್ನು ಹುಡುಕಿ, ಹತ್ತಿರದ ಅಂಗಡಿಯಿಂದ ಒಂದು ಶೀಶೆ ಎಣ್ಣೆ ತಂದು, ಅಂದು ಸಂಜೆಯೇ ಕೆಲಸ ಮುಗಿಸಲಿ. ಮರುದಿನ ಬೆಳಗ್ಗೆ ಒರೆಸಿ, ಅರ್ಧ ಗಂಟೆ ತುಳಿದು ಬರಲಿ ಎಂದು ವಿನಂತಿಸುತ್ತೇನೆ.